ಶಿರೂರು, ಉಳವರೆ, ಕಾರವಾರ: ಮಕ್ಕಳನ್ನ ಕರ್ಕೊಂಡು ಹೋದ ಒಂದಿನದ ಸ್ಟಡಿ ಟೂರ್, ಅಂಕೋಲಾ ಕಡೆಯ ಟೆಂಪೋ ಟ್ರಾವೆಲರ್ ಸರ್ವಿಸ್ ಹೇಗಿತ್ತು

ಕಾಲೇಜು ಮಕ್ಕಳನ್ನ ಕರ್ಕೊಂಡು ನಮ್ಮ ಜಿಲ್ಲೆಯಲ್ಲೇ ದುರಂತ ನಡೆದ ಜಾಗಗಳನ್ನ ನೋಡ್ಕೊಂಡು ಬರಬೇಕು ಅಂತ ಯಾರಾದ್ರೂ ಲೆಕ್ಚರರ್ಸ್ ಯೋಚನೆ ಮಾಡ್ತಿದ್ರೆ ಅವರಿಗೋಸ್ಕರ ಇದನ್ನ ಬರೀತಿದೀನಿ. ನಾವು ಹೋಗೋ ಮುಂಚೆ ನಾನು ಇಂಥದ್ದೊಂದು ರಿವ್ಯೂ ತುಂಬಾ ಹುಡುಕಿದೆ, ಸಿಕ್ಕಿದ್ದೆಲ್ಲ ಮುರ್ಡೇಶ್ವರ, ಗೋಕರ್ಣ, ವಿಭೂತಿ ಫಾಲ್ಸ್, ಯಾಣ ಪ್ಯಾಕೇಜುಗಳೇ. ನಾನು ಶಿರಸಿಯಲ್ಲಿ ಡಿಗ್ರಿ ಮಕ್ಕಳಿಗೆ ಇತಿಹಾಸ ಪಾಠ ಮಾಡ್ತೀನಿ. ಈ ಸಲ ಹೊರಗಡೆ ಪ್ರವಾಸ ಬೇಡ, ನಮ್ಮ ಕಾಲದಲ್ಲೇ ನಮ್ಮ ಜಿಲ್ಲೆಯಲ್ಲೇ ಆಗಿದ್ದನ್ನ ನೋಡೋಣ ಅಂತ ಮಕ್ಕಳೇ ಹೇಳಿದ್ರು, ಅದಕ್ಕೆ ಡಿಸೆಂಬರಲ್ಲಿ ಹೊರಟಿದ್ದು.

ಸರ್ವಿಸ್ ಹೆಸರು ಇಲ್ಲಿ ಹಾಕ್ತಿಲ್ಲ. ಬರೀಲಾ ಅಂತ ಗಾಡಿಯವರನ್ನೇ ಕೇಳ್ದೆ, ಅವರು "ಬೇಡ ಮೇಡಂ, ಸತ್ತವರನ್ನ ತೋರಿಸಿ ಬಿಸಿನೆಸ್ ಮಾಡ್ತಾನೆ ಅಂತ ನಾಳೆ ಯಾರಾದ್ರೂ ಅಂದ್ರೆ ನಂಗೆ ಆ ರೋಡಲ್ಲಿ ಗಾಡಿ ಓಡ್ಸೋಕೆ ಮುಖ ಇರಲ್ಲ" ಅಂದ್ರು. ಆ ಮಾತಿಗೆ ಬೆಲೆ ಕೊಡಬೇಕು. ಅಂಕೋಲಾ ಕಡೆಯವರು, ಸ್ವಂತ ಟಿಟಿ ಇದೆ, ಅವರೇ ಓಡಿಸ್ತಾರೆ, ಜೊತೆಗೆ ಒಬ್ಬ ಕ್ಲೀನರ್ ಹುಡುಗ, ಅಷ್ಟೇ ಅವರ ಕಂಪನಿ. ರೇಟಿಂಗ್ ಕೊಡೋದಾದ್ರೆ 5ಕ್ಕೆ 4. ಆ ಒಂದು ಪಾಯಿಂಟ್ ಎಲ್ಲಿ ಕಟ್ ಆಯ್ತು ಅಂತ ಕೆಳಗೆ ಬರೆದಿದೀನಿ.

ಮೊದಲು ಶಿರಸಿಯಲ್ಲೇ ಬೇರೆ ಕಡೆ ವಿಚಾರಿಸಿದ್ದೆ. ರೇಟ್ ಕಡಿಮೆ ಇತ್ತು, ಒಪ್ತೀನಿ. ಆದ್ರೆ ಶಿರೂರು ಅಂದ ತಕ್ಷಣ ಒಬ್ಬರು "ಅಲ್ಲೆಂತ ಇದ್ದು ನೋಡೂಲೆ, ಐದು ನಿಮಿಷ ನಿಲ್ಸನ, ಫೋಟೋ ತಕಂಡು ಸೀದಾ ಗೋಕರ್ಣಕ್ಕೆ ಹೋಪನ" ಅಂದ್ರು. ಈ ಅಂಕೋಲಾದ ಅಣ್ಣ ಫೋನಲ್ಲಿ ದುಡ್ಡಿನ ಮಾತು ಎತ್ತೋಕೆ ಮುಂಚೆ ಕೇಳಿದ್ದೇ ಬೇರೆ. ಎಷ್ಟು ಜನ ಮಕ್ಳು, ಯಾವ ಕ್ಲಾಸು, ಎಂತಕ್ಕೆ ಬರ್ತಿದಾರೆ ಅಂತ ಅವರಿಗೆ ಗೊತ್ತುಂಟಾ, ಮನೇಲಿ ಹೇಳಿದಾರಾ, ಅದ್ರಲ್ಲಿ ಯಾರ ಮನೇಲಾದ್ರೂ ಇತ್ತೀಚೆಗೆ ಸಾವು ಆಗಿದ್ಯಾ. ಕೊನೇ ಪ್ರಶ್ನೆ ನಂಗೆ ಹೊಳೆದೇ ಇರಲಿಲ್ಲ. ಕ್ಲಾಸಲ್ಲಿ ಕೇಳಿದಾಗ ಒಬ್ಬ ಹುಡುಗಿ ತಂದೆ ಆಕ್ಸಿಡೆಂಟಲ್ಲಿ ಹೋಗಿ ವರ್ಷ ಆಗಿರಲಿಲ್ಲ ಅಂತ ಗೊತ್ತಾಯ್ತು. ಅವಳ ಹತ್ರ ಪ್ರತ್ಯೇಕ ಮಾತಾಡಿದೆ, ಬರ್ತೀನಿ ಅಂದ್ಲು, ಬಂದ್ಲು, ಅವಳಿಗೆ ಗಾಡಿಯಿಂದ ಇಳೀದೇ ಕೂತಿರೋ ಅವಕಾಶ ಮೊದಲೇ ಇತ್ತು. ಇದನ್ನ ಪ್ಲಾನ್ ಮಾಡಿದ್ದು ಟ್ರಾವೆಲ್ಸ್‌ನವರು ಅಂದ್ರೆ ನಂಬ್ತೀರಾ.

ದುಡ್ಡಿನ ವಿಷಯ ಹೇಳಿಬಿಡ್ತೀನಿ. ಕಿಲೋಮೀಟರ್ ಲೆಕ್ಕ, ಮೇಲೆ ಡ್ರೈವರ್ ಬಾಟಾ, ಹಟ್ಟಿಕೇರಿ ಟೋಲ್ ನಮ್ಮದೇ. ಹಿಂದಿನ ರಾತ್ರಿ ಗಾಡಿ ಅಂಕೋಲಾದಿಂದ ಶಿರಸಿಗೆ ಖಾಲಿ ಬಂತಲ್ಲ, ಅದರ ಕಿಲೋಮೀಟರೂ ನಾವೇ ಕೊಡಬೇಕಾಯ್ತು, ಒಬ್ಬೊಬ್ಬರಿಗೆ ಹಂಚಿದ್ರೆ ಲೋಕಲ್ ಗಾಡಿಗಿಂತ ಸ್ವಲ್ಪ ಜಾಸ್ತಿನೇ. ಆದ್ರೂ ನಾನು ಮತ್ತೆ ಇವರನ್ನೇ ಕರೀತೀನಿ. ಈ ತರದ ಪ್ರವಾಸಕ್ಕೆ ಆ ರೋಡಲ್ಲಿ ದಿನಾ ಓಡಾಡೋ ಮನುಷ್ಯನೇ ಬೇಕು, ಆ ಊರಿನ ಜನರ ಹತ್ರ ಮಾತಾಡೋ ಸಂಬಂಧ ಇರೋನು ಬೇಕು. ಗೂಗಲ್ ಮ್ಯಾಪ್ ನೋಡ್ಕೊಂಡು ಬರೋ ಡ್ರೈವರ್ ಆ ಗುಡ್ಡದ ಬುಡಕ್ಕೆ ಕರ್ಕೊಂಡು ಹೋಗಬಹುದು, ಅದಕ್ಕಿಂತ ಮುಂದೆ ಎಲ್ಲಿಗೂ ಕರ್ಕೊಂಡು ಹೋಗೋಕಾಗಲ್ಲ.

ಬೆಳಿಗ್ಗೆ ಬೇಗ ಹೊರಟ್ವಿ, ದೇವಿಮನೆ ಘಾಟಿ ಇಳಿದು ಕುಮಟಾ. ಘಾಟಿಯಲ್ಲೇ ಒಂದು ಕಡೆ ಗಾಡಿ ನಿಧಾನ ಮಾಡಿ ರೋಡ್ ಪಕ್ಕ ಕಡಿದ ಗುಡ್ಡದ ಮೈ ತೋರಿಸಿದ್ರು. ಮೇಲೆ ಚಿರೆಕಲ್ಲು, ಅದರ ಕೆಳಗೆ ಶೇಡಿ ಮಣ್ಣು. "ಈ ಶೇಡಿ ಮಣ್ಣು ಒಣಗಿದ್ದಾಗ ಗಟ್ಟಿ, ನೀರು ಕುಡಿದ್ರೆ ಸೋಪು, ಇಷ್ಟು ನೆನಪಿಟ್ಕಳಿ ಸಾಕು, ಮುಂದೆ ಶಿರೂರಲ್ಲಿ ನಾನೇನೂ ಹೇಳೂದು ಬೇಡ" ಅಂದ್ರು. ನಮ್ಮ ಕರಾವಳಿ ಗುಡ್ಡಗಳ ಪೂರ್ತಿ ಕಥೆ ಅಷ್ಟೇ. ಮೇಲಿನ ಕಲ್ಲಲ್ಲಿ ತೂತುಗಳಿರತ್ತೆ, ಮಳೆ ನೀರು ಇಳಿದು ಕೆಳಗಿನ ಮಣ್ಣಲ್ಲಿ ನಿಲ್ಲತ್ತೆ, ಮಣ್ಣು ಭಾರ ಆಗತ್ತೆ, ಜಾರೋಕೆ ರೆಡಿ ಆಗತ್ತೆ, ಅಂಥ ಗುಡ್ಡದ ಬುಡವನ್ನ ರಸ್ತೆಗೆ ಅಂತ ನೆಟ್ಟಗೆ ಕಡಿದುಬಿಟ್ರೆ ಮೇಲಿಂದನ್ನ ಹಿಡ್ಕೊಳ್ಳೋಕೆ ಏನೂ ಇರಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡೀಬೇಕು, ನೀರು ಹೋಗೋಕೆ ದಾರಿ ಬಿಡಬೇಕು. ಜಿಯಾಗ್ರಫಿ ತಗೊಂಡಿರೋ ಮಕ್ಕಳು ಇದನ್ನ ಪುಸ್ತಕದಲ್ಲಿ ಓದಿದ್ರು, ಬಸ್ ಕಿಟಕಿಯಿಂದ ಮಣ್ಣಿನ ಬಣ್ಣ ಬದಲಾಗೋ ಗೆರೆ ಕಣ್ಣಲ್ಲಿ ನೋಡಿದ ಮೇಲೆ ಅವರ ಪ್ರಶ್ನೆಗಳೇ ಬೇರೆ ಆದವು.

ಶಿರೂರು. 2024ರ ಜುಲೈ 16, ಮಂಗಳವಾರ ಬೆಳಿಗ್ಗೆ. ಹೆದ್ದಾರಿ 66, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗಂಗಾವಳಿ ಹೊಳೆ, ಮಧ್ಯ ರಸ್ತೆ, ರಸ್ತೆ ಪಕ್ಕ ಒಂದು ಟೀ ಅಂಗಡಿ. ಲಾರಿಯವರು ಗಾಡಿ ನಿಲ್ಲಿಸಿ ಮುಖ ತೊಳೆದು ತಿಂಡಿ ತಿಂದು ಹೋಗೋ ಜಾಗ. ಗುಡ್ಡ ಕುಸಿದು ಅಂಗಡಿ, ಅಲ್ಲಿದ್ದ ಕುಟುಂಬ, ನಿಂತಿದ್ದ ಗಾಡಿಗಳು ಎಲ್ಲ ಹೊಳೆಗೆ ಹೋಯ್ತು, ಗ್ಯಾಸ್ ಟ್ಯಾಂಕರ್ ಒಂದು ಹೊಳೆಯಲ್ಲಿ ತೇಲಿ ಹೋಯ್ತು. ಸತ್ತವರು 11 ಜನ. ಮರದ ದಿಮ್ಮಿ ತುಂಬ್ಕೊಂಡು ಕೇರಳಕ್ಕೆ ಹೊರಟಿದ್ದ ಲಾರಿ ಡ್ರೈವರ್ ಹುಡುಗನನ್ನ ಹುಡುಕಿದ್ದು ಇಡೀ ದೇಶ ಟೀವಿಯಲ್ಲಿ ನೋಡ್ತು, ಎನ್‌ಡಿಆರ್‌ಎಫ್, ಸೇನೆ, ನೇವಿ ಡೈವರ್ಸ್ ಎಲ್ಲ ಬಂದ್ರು, ಹೊಳೆ ಸೆಳೆತಕ್ಕೆ ಇಳಿಯೋಕೇ ಆಗ್ತಿರಲಿಲ್ಲ, ಕೊನೆಗೆ ಗೋವಾದಿಂದ ಡ್ರೆಜ್ಜರ್ ತಂದು ಸೆಪ್ಟೆಂಬರ್ 25ಕ್ಕೆ ಲಾರಿ ಮೇಲೆತ್ತಿದ್ರು, ಕ್ಯಾಬಿನ್ ಒಳಗೆ ಅವನ ದೇಹ ಇತ್ತು. ನಮ್ಮ ಜಿಲ್ಲೆಯವರೇ ಇಬ್ಬರು ಆ ಹುಡುಕಾಟದಲ್ಲಿ ಸಿಗಲೇ ಇಲ್ಲ.

ಗಾಡಿಯನ್ನ ಗುಡ್ಡದ ಕಡೆ ನಿಲ್ಲಿಸಲಿಲ್ಲ ಅವರು, ಸ್ವಲ್ಪ ಮುಂದೆ ಹೋಗಿ ಅಗಲ ಇರೋ ಜಾಗ ನೋಡಿ ಹೊಳೆ ಕಡೆ ನಿಲ್ಲಿಸಿ, ಕ್ಲೀನರ್ ಹುಡುಗನಿಗೆ ಕೆಂಪು ಬಾವುಟ ಕೊಟ್ಟು ಹಿಂದೆ ನಿಲ್ಲಿಸಿ, ಆಮೇಲೆ ಬಾಗಿಲು ತೆಗೆದ್ರು. ನಾಲ್ಕು ಲೇನ್ ರೋಡು, ಲಾರಿಗಳು ಸುಯ್ ಅಂತ ಹೋಗ್ತಿರತ್ತೆ, ಇಪ್ಪತ್ತು ವರ್ಷದ ಮಕ್ಕಳು, ಈ ಎಚ್ಚರಿಕೆ ನಂಗೆ ತುಂಬಾ ಇಷ್ಟ ಆಯ್ತು. ಇಳಿಯೋ ಮುಂಚೆ ಒಂದೇ ಮಾತು, "ಗುಡ್ಡದ ಫೋಟೋ ಬೇಕಾದ್ರೆ ತೆಗೀರಿ, ನಿಮ್ಮ ಫೋಟೋ ಬೇಡ ಮಕ್ಳೇ." ಯಾಕೆ ಅಂತ ಯಾರೂ ಕೇಳಲಿಲ್ಲ.

ಅವರು ಆ ಅಂಗಡಿಯಲ್ಲಿ ಚಾ ಕುಡಿದವರು. ಅದನ್ನ ಹೇಳುವಾಗ ದೊಡ್ಡ ಭಾಷಣ ಮಾಡಲಿಲ್ಲ, ಬೆಂಚು ಎಲ್ಲಿತ್ತು, ಒಲೆ ಎಲ್ಲಿತ್ತು, ಬೆಳಿಗ್ಗೆ ಎಷ್ಟು ಗಂಟೆಗೆ ಯಾವ ಕಡೆ ಲಾರಿ ಬಂದು ನಿಲ್ತಿತ್ತು, ಯಾವ ಡ್ರೈವರಿಗೆ ದುಡ್ಡಿಲ್ಲ ಅಂದ್ರೆ ನಾಳೆ ಕೊಡು ಅಂತಿದ್ರು, ಇಷ್ಟೇ. ಕೈ ತೋರಿಸಿ ತೋರಿಸಿ ಹೇಳ್ತಾ ಹೋದ್ರು. ಖಾಲಿ ಜಾಗದಲ್ಲಿ ಒಂದು ಅಂಗಡಿ ಎದ್ದು ನಿಂತ ಹಾಗಾಯ್ತು ನಮಗೆ. ನಾವು ನಿಂತ ಕಡೆ ಆ ಹೆಸರುಗಳನ್ನ ಬರೆದ ಒಂದು ಫಲಕವೂ ನಮ್ಮ ಕಣ್ಣಿಗೆ ಬೀಳಲಿಲ್ಲ, ಹಾಗಾಗಿ ಈ ಮನುಷ್ಯ ಇಲ್ಲದಿದ್ರೆ ಮಕ್ಕಳು ಬರೀ ಒಂದು ಕೆಂಪು ಗುಡ್ಡ ನೋಡಿ ವಾಪಸ್ ಹೋಗ್ತಿದ್ರು. ಒಬ್ಬ ಹುಡುಗಿ ಕೇಳಿದ್ಲು, "ಅಣ್ಣ, ನೀವು ಈಗ್ಲೂ ದಿನಾ ಇದೇ ರೋಡಲ್ಲಿ ಹೋಗ್ತೀರಲ್ಲ, ಹೆದ್ರಿಕೆ ಆಗಲ್ವಾ?" ಅವರು ಅಂದಿದ್ದು, "ಬೇರೆ ರೋಡು ಎಲ್ಲುಂಟು ತಂಗೀ? ಮಳೆ ಜೋರಾದ್ರೆ ಕುಮಟಾದಲ್ಲೇ ಗಾಡಿ ಹಾಕಿ ಮಲಗ್ತೇನೆ. ಬಾಡಿಗೆ ಹೋಗ್ತದೆ, ಹೋಗ್ಲಿ." ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಟೂರ್ ಅವರು ಮಾಡೋದೇ ಇಲ್ಲ, ಎಷ್ಟು ದುಡ್ಡು ಕೊಟ್ರೂ ಇಲ್ಲ.

ಅಲ್ಲಿಂದ ಉಳವರೆ. ಇದೇ ಈ ಟೂರಿನ ಜೀವ, ಇದನ್ನ ಬಿಟ್ಟು ಬರೀ ಹೈವೇ ನೋಡಿ ಬಂದ್ರೆ ಅರ್ಧವೂ ನೋಡಿದ ಹಾಗಲ್ಲ. ಉಳವರೆ ಹೊಳೆಯ ಆಚೆ ದಂಡೆ, ಎದುರೇ ಕಾಣತ್ತೆ, ಆದ್ರೆ ಹೋಗೋಕೆ ಸುತ್ತು ಹಾಕಬೇಕು. ಗುಡ್ಡ ಹೊಳೆಗೆ ಬಿದ್ದಾಗ ಹೊಳೆ ನೀರು ಎದ್ದು ಆಚೆ ದಂಡೆಗೆ ಅಪ್ಪಳಿಸಿತು, ಮನೆಗಳು ಕೊಚ್ಚಿ ಹೋದವು, ಅಲ್ಲೂ ಒಬ್ಬ ಅಮ್ಮ ತೀರ್ಕೊಂಡ್ರು. ಟೀವಿಯವರ ಕ್ಯಾಮೆರಾ ಎಲ್ಲ ರೋಡ್ ಕಡೆ ಇತ್ತು, ಲಾರಿ ಕಡೆ ಇತ್ತು, ಉಳವರೆ ಹೆಸರು ಶಿರಸಿಯಲ್ಲಿರೋ ನಮ್ಮ ಎಷ್ಟೋ ಮಕ್ಕಳಿಗೆ ಗೊತ್ತೇ ಇರಲಿಲ್ಲ.

ಇಲ್ಲಿ ಅವರು ಮಾಡಿದ ಕೆಲಸ ಬರೀಲೇಬೇಕು. ವಾರ ಮುಂಚೆನೇ ಆ ಊರಿನವರಿಗೆ ಫೋನ್ ಮಾಡಿ, ಕಾಲೇಜು ಮಕ್ಳು ಬರ್ತಾರಂತೆ, ಕರ್ಕೊಂಡು ಬರಬಹುದಾ, ಬೇಡ ಅಂದ್ರೆ ಬೇಡ ಅಂತ ಕೇಳಿದ್ರು. ಒಂದು ಮನೆಯವರು ಬೇಡ ಅಂದ್ರಂತೆ, ಆ ಮನೆ ಕಡೆ ನಾವು ಹೋಗಲೇ ಇಲ್ಲ. ಇನ್ನೊಂದು ಮನೆಯವರು ಬರ್ಲಿ ಅಂದ್ರು. ಎಲ್ಲರೂ ಒಟ್ಟಿಗೆ ಹೋಗಬಾರದು ಅಂತ ಮಕ್ಕಳನ್ನ ಎರಡು ಗುಂಪು ಮಾಡಿದ್ರು, ಒಂದು ಗುಂಪು ಅಂಗಳದಲ್ಲಿ ಕೂತಾಗ ಇನ್ನೊಂದು ಗುಂಪು ನನ್ನ ಜೊತೆ ಹೊಳೆ ದಂಡೆಯಲ್ಲಿ.

ಆ ಮನೆಯ ಅಜ್ಜಿ ಮೊದಲು ಎಲ್ಲರಿಗೂ ಆಸರಿಗೆ ಬೆಲ್ಲ ನೀರು ಕೊಟ್ರು. ಎಲ್ಲಿಂದ ಬಂದ್ರಿ, ಬೆಳಿಗ್ಗೆ ಎಂತ ತಿಂದ್ರಿ, ಅಪ್ಪ ಎಂತ ಮಾಡ್ತಾರೆ ಅಂತೆಲ್ಲ ಕೇಳಿದ್ರು. ಆಮೇಲೆ ತಾವಾಗೇ ಶುರು ಮಾಡಿದ್ರು. "ಹೊಳೆ ಅಲ್ಲ ಮಗಾ ಅದು, ನೀರೇ ಗ್ವಾಡಿ ಆಗಿ ಬಂತು." ಸದ್ದು ಕೇಳಿದ್ದು, ಏನು ಅಂತ ಗೊತ್ತಾಗೋಕೆ ಮುಂಚೆ ಅಂಗಳ ಇರಲಿಲ್ಲ ಅಂದಿದ್ದು, ಕೆಸರಲ್ಲಿ ಪಾತ್ರೆ ಹುಡುಕಿದ್ದು, ಶಾಲೆಗೆ ಹೋಗೋ ಮೊಮ್ಮಗನ ಪುಸ್ತಕ ಯಾವುದೂ ಸಿಗದೇ ಇದ್ದಿದ್ದು. ಮಕ್ಕಳು ನೋಟ್ಸ್ ಬರ್ಕೊಳ್ಳೋಕೆ ಪೆನ್ ತೆಗೆದವರು ಹಾಗೇ ಕೆಳಗಿಟ್ರು. ಒಬ್ಬ ಹುಡುಗ, ಯಾವಾಗ್ಲೂ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂರೋನು, ಅಜ್ಜಿ ಹತ್ರ "ಈಗ ರಾತ್ರಿ ನಿದ್ದೆ ಬರ್ತದಾ ಅಜ್ಜಿ" ಅಂತ ಕೇಳಿದ. ಅಜ್ಜಿ "ಮಳೆಗಾಲದಾಗೆ ಬರುದಿಲ್ಲ" ಅಂದ್ರು. ಇತಿಹಾಸ ಅಂದ್ರೆ ಇಸವಿ ಅಂತ ತಿಳ್ಕೊಂಡಿರೋ ಮಕ್ಕಳಿಗೆ ನಾನು ವರ್ಷಪೂರ್ತಿ ಪಾಠ ಮಾಡಿದ್ರೂ ಇಂಥ ಪ್ರಶ್ನೆ ಅವರ ಬಾಯಿಂದ ಬರ್ತಿರಲಿಲ್ಲ.

ಹೊರಡುವಾಗ ನಮ್ಮ ಇಬ್ಬರು ಮೂವರು ದುಡ್ಡು ಒಟ್ಟು ಮಾಡಿ ಅಜ್ಜಿಗೆ ಕೊಡೋಣ ಅಂತ ಓಡಾಡ್ತಿದ್ರು. ಡ್ರೈವರಣ್ಣ ತಡೆದ್ರು. ಕೊಡೋದಾದ್ರೆ ಊರಿನ ಶಾಲೆಗೆ ಏನು ಬೇಕು ಅಂತ ಕೇಳಿ ಆಮೇಲೆ ಕೊಡಿ, ಮಾತಾಡಿದ್ದಕ್ಕೆ ದುಡ್ಡು ಕೊಟ್ಟ ಹಾಗೆ ಆಗಬಾರದು ಅಂದ್ರು. ನೂರಕ್ಕೆ ನೂರು ಸರಿ. ಪರಿಹಾರ ಕಿಟ್ ಕೊಡುವಾಗ ಫೋಟೋ, ಸೀರೆ ಕೊಡುವಾಗ ಫೋಟೋ, ಆ ಜನ ಇದನ್ನೆಲ್ಲ ಸಾಕಷ್ಟು ನೋಡಿದಾರೆ. ದಯವಿಟ್ಟು ಹೋಗೋರು ಇದನ್ನ ಪಾಲಿಸಿ.

ಅಂಕೋಲಾದಲ್ಲಿ ತಿಂಡಿ, ಬನ್ಸ್ ಭಾಜಿ ಚಾ, ಚೆನ್ನಾಗಿತ್ತು. ಸ್ವಾತಂತ್ರ್ಯ ಸಂಗ್ರಾಮ ಸ್ಮಾರಕ ಭವನದ ಹತ್ರ ಪಾಠ ನಂದು. 1930ರ ಏಪ್ರಿಲ್ 13ಕ್ಕೆ ಎಂ.ಪಿ. ನಾಡಕರ್ಣಿ ನೇತೃತ್ವದಲ್ಲಿ ಅಂಕೋಲಾದಲ್ಲಿ ಉಪ್ಪಿನ ಕಾಯ್ದೆ ಮುರಿದಿದ್ದು ಎಲ್ಲರಿಗೂ ಗೊತ್ತಿರತ್ತೆ, ಕರ್ನಾಟಕದ ಬಾರ್ಡೋಲಿ ಅಂತ ಹೆಸರು ಬಂದಿದ್ದು ಗೊತ್ತಿರತ್ತೆ. ಆದ್ರೆ ಕರನಿರಾಕರಣೆ ಮಾಡಿದ ರೈತರ ಜಮೀನು ಜಪ್ತಿ ಆಗಿದ್ದು, ಪಾತ್ರೆ ಪಗಡೆ ದನಕರ ಹರಾಜಾಗಿದ್ದು, ಮನೆ ಬಿಟ್ಟು ಅಲೆದಿದ್ದು, ಇದನ್ನ ಒಂದು ಸಾಲಲ್ಲಿ ಮುಗಿಸಿಬಿಡ್ತೀವಿ ನಾವು. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು, ಮುಂದೆ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಕಾನೂನು ಮಾಡಿ ಕಳ್ಕೊಂಡವರಿಗೆ ಜಮೀನು ವಾಪಸ್ ಕೊಡಿಸೋ ಕೆಲಸ ಆಯ್ತು. ಈ ವಿಷಯ ಹೇಳಿದ್ದು ಮಧ್ಯಾಹ್ನ ಮಕ್ಕಳಿಗೇ ಬೇರೆ ರೀತಿ ಉಪಯೋಗಕ್ಕೆ ಬಂತು.

ಯಾಕಂದ್ರೆ ಮುಂದಿನದು ಸೀಬರ್ಡ್, ಅಂದ್ರೆ ಕಾರವಾರದ ನೌಕಾನೆಲೆ ಯೋಜನೆ. ಹಾರವಾಡ ದಾಟಿ ಅಮದಳ್ಳಿ, ಅರಗಾ, ಬಿಣಗಾ ಕಡೆ ಹೋಗ್ತಾ ಹೈವೇ ಪಕ್ಕ ನೌಕಾನೆಲೆ ಕಾಂಪೌಂಡ್ ಗೋಡೆ ಕಾಣತ್ತೆ. ಅಲ್ಲಿ ಫೋಟೋ ನಿಷೇಧ, ಮೊಬೈಲ್ ಬ್ಯಾಗಲ್ಲಿ ಹಾಕಿ ಜಿಪ್ ಹಾಕಿ ಅಂತ ಡ್ರೈವರಣ್ಣ ಹಾರವಾಡದಲ್ಲೇ ಹೇಳಿದ್ರು, ಹೇಳಿ ಮಿರರಲ್ಲಿ ಒಬ್ಬೊಬ್ಬರನ್ನೂ ನೋಡಿದ್ರು. 1986ರ ಅಕ್ಟೋಬರ್ 24ಕ್ಕೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು, 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಆಗಿದ್ದು. ನಡುವೆ ಕಾರವಾರ, ಅಂಕೋಲಾ ತಾಲೂಕಿನ 13 ಊರುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಎದ್ದು ಹೋಗಬೇಕಾಯ್ತು. ಗದ್ದೆ, ತೋಟ, ಮೀನು ಒಣಗಿಸೋ ದಂಡೆ, ಬಲೆ ಎಳೆಯೋ ಕಡಲು. ಪರಿಹಾರದ ಕೇಸುಗಳು ಕೋರ್ಟಿಂದ ಕೋರ್ಟಿಗೆ ವರ್ಷಗಟ್ಟಲೆ ನಡೆದವು.

ಈ ಅಣ್ಣ ಸ್ವತಃ ಸೀಬರ್ಡ್ ನಿರಾಶ್ರಿತರ ಮನೆಯವರು ಅಂತ ನಂಗೆ ಅಲ್ಲೀವರೆಗೂ ಗೊತ್ತಿರಲಿಲ್ಲ. ಬುಕ್ ಮಾಡುವಾಗ ಹೇಳಿರಲಿಲ್ಲ. ಅರಗಾದಲ್ಲಿ ಹುಟ್ಟಿದ್ದು, ಹುಡುಗ ಇದ್ದಾಗ ಸಾಮಾನು ಟೆಂಪೋ ಹತ್ತಿಸಿದ್ದು, ತೋಡೂರು ಕಾಲನಿಗೆ ಬಂದಿದ್ದು, ಗಾಡಿ ಕೆಲಸಕ್ಕೆ ಅಂತ ಆಮೇಲೆ ಅಂಕೋಲಾ ಕಡೆ ಹೋಗಿ ನೆಲೆಸಿದ್ದು. ತೋಡೂರಲ್ಲಿ ಅವರ ತಾಯಿ ಮನೆ ಮುಂದೆ ಗಾಡಿ ನಿಲ್ಲಿಸಿದ್ರು. ತಾಯಿ ಮೀನು ಮಾರ್ತಿದ್ದವರು. ಮೊದಲು ಮನೆ ಹಿಂದೆನೇ ಸಮುದ್ರ, ದೋಣಿ ಬಂದ ಕೂಡ್ಲೇ ಬುಟ್ಟಿ ತಗೊಂಡು ಇಳಿದ್ರೆ ಆಯ್ತು, ಕಾಲನಿಗೆ ಬಂದ ಮೇಲೆ ಬೆಳಗಿನ ಜಾವ ಎದ್ದು ಬಂದರಿಗೆ ಹೋಗಿ ಮೀನು ತಂದು ಮಾರಬೇಕು, ಬಸ್ಸಿನವರು ಮೀನಿನ ಬುಟ್ಟಿ ಹತ್ತಿಸ್ಕೊಳ್ಳಲ್ಲ, ರಿಕ್ಷಾಕ್ಕೆ ಕೊಟ್ರೆ ಲಾಭ ಅಲ್ಲಿಗೇ ಮುಗೀತು. ಲೆಕ್ಕ ಸಮೇತ ಹೇಳಿದ್ರು ಆಯಿ. ಕಾಮರ್ಸ್ ಮಕ್ಕಳು ನನ್ನ ಗುಂಪಲ್ಲಿದ್ರು, ಅವರಿಗೆ ಇದಕ್ಕಿಂತ ಒಳ್ಳೆ ಪಾಠ ಬೇಕಿರಲಿಲ್ಲ.

ನಮ್ಮಲ್ಲೊಬ್ಬ ಹುಡುಗ ಅಗ್ನಿವೀರ್ ಬರೆದು ನೇವಿಗೆ ಸೇರಬೇಕು ಅಂತಿರೋನು. ಅವನ ಮುಖ ಸಪ್ಪಗಾಗಿತ್ತು. ಡ್ರೈವರಣ್ಣ ಅವನ ಹೆಗಲ ಮೇಲೆ ಕೈ ಹಾಕಿ, "ಸೇರು ತಮ್ಮಾ, ನಂಗೂ ಹೆಮ್ಮೆನೇ. ನಮ್ಮನೆ ಜಾಗದಲ್ಲಿ ಹಡಗು ನಿಂತದೆ, ಅದು ಬೇಡಾಗಿತ್ತು ಅಂತ ನಾನು ಹೇಳೂದಲ್ಲ. ಕೊಡಬೇಕಾದ್ದು ಕೊಡ್ಲಿಕ್ಕೆ ಇಷ್ಟು ವರ್ಷ ಎಂತಕ್ಕೆ ಬೇಕಾಯ್ತು, ಅಷ್ಟೇ ಕೇಳೂದು" ಅಂದ್ರು. ಗಾಡಿ ಹತ್ತಿದ ಮೇಲೆ ಒಬ್ಬಳು ಕೇಳಿದ್ಲು, ಮೇಡಂ ಬ್ರಿಟಿಷರು ಹರಾಜು ಹಾಕಿದ ಜಮೀನು ಕಾನೂನು ಮಾಡಿ ವಾಪಸ್ ಕೊಡಿಸಿದ್ರಲ್ಲ, ನಮ್ಮದೇ ಸರ್ಕಾರ ತಗೊಂಡಾಗ ಬರೀ ದುಡ್ಡಿಗೂ ಕೋರ್ಟಿಗೆ ಯಾಕೆ ಹೋಗಬೇಕಾಯ್ತು ಅಂತ. ಕಾರವಾರ ಬರೋ ತನಕ ಅದೇ ಚರ್ಚೆ, ದೇಶದ ರಕ್ಷಣೆಗೆ ಕೊಟ್ಟ ಜಾಗ ವಾಪಸ್ ಬರೋದು ಹೇಗೆ ಸಾಧ್ಯ ಅಂತ ಕೆಲವರು, ಜಾಗ ಬೇಡ ಮರ್ಯಾದೆಯ ಪರಿಹಾರ ಆದ್ರೂ ಬೇಗ ಬರಬೇಕಿತ್ತು ಅಂತ ಇನ್ನು ಕೆಲವರು. ನಾನು ಬಾಯಿ ಹಾಕಲಿಲ್ಲ.

ಕಾರವಾರದಲ್ಲಿ ಊಟ. ಮೀನು ತಿನ್ನೋರಿಗೆ ಮೀನೂಟ, ನಮ್ಮ ಭಟ್ಟರ ಹೆಗಡೆಯವರ ಮಕ್ಕಳಿಗೆ ಸಸ್ಯಾಹಾರಿ ಹೋಟೆಲು, ಎರಡೂ ಹತ್ತಿರ ಹತ್ತಿರ ಇರೋ ಜಾಗ ನೋಡಿ ನಿಲ್ಲಿಸಿದ್ರು. ಊಟಕ್ಕೆ ಜಾಸ್ತಿ ಹೊತ್ತು ಹೋಯ್ತು, ಅದರಿಂದ ಕಡವಾಡ ಬಿಟ್ಟುಹೋಯ್ತು. ಕಡವಾಡದ ಝರಿವಾಡದಲ್ಲಿ 2009ರ ಅಕ್ಟೋಬರ್ 2ಕ್ಕೆ ಗುಡ್ಡ ಕುಸಿದು ಮನೆಗಳ ಮೇಲೆ ಬಿದ್ದು 19 ಜನ ಸತ್ರು. ಶಿರೂರಿಗಿಂತ ಹದಿನೈದು ವರ್ಷ ಮುಂಚೆ, ಅದೇ ಜಿಲ್ಲೆ. ಆಮೇಲೆ 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆ ಮೇಲೆ ಗುಡ್ಡ ಬಿದ್ದು ನಾಲ್ಕು ಜನ. ಶಿರೂರು ಹಠಾತ್ತಾಗಿ ಆಗಿದ್ದು ಅಂತ ಮಕ್ಕಳು ಅಂದ್ಕೊಳ್ಳಬಾರದು ಅನ್ನೋದೇ ನನ್ನ ಉದ್ದೇಶ ಆಗಿತ್ತು, ಅದಕ್ಕೆ ಝರಿವಾಡ ನೋಡಲೇಬೇಕಿತ್ತು. ಮುಂದಿನ ಸಲ ಮೊದಲು ಅಲ್ಲಿಗೇ ಹೋಗಿ ಆಮೇಲೆ ಊಟ ಅಂತ ಅವರಿಗೆ ಹೇಳಿದೀನಿ.

ಕೊನೆಗೆ ಕೋಡಿಬಾಗ ಕಡೆ, ಕಾಳಿ ನದಿ ಸಮುದ್ರ ಸೇರೋ ಜಾಗ. ದೂರದಲ್ಲಿ ಕೂರ್ಮಗಡ ದ್ವೀಪ. ಪುಷ್ಯ ಹುಣ್ಣಿಮೆಗೆ ನರಸಿಂಹ ಜಾತ್ರೆ, 2019ರ ಜನವರಿ 21, ಜಾತ್ರೆ ಮುಗಿಸ್ಕೊಂಡು ವಾಪಸ್ ಬರ್ತಿದ್ದ ದೋಣಿ ಮಗುಚಿ 16 ಜನ ಸತ್ತಿದ್ದು, ಅದ್ರಲ್ಲಿ ಘಟ್ಟದ ಮೇಲಿಂದ ಬಂದವರು, ಸಣ್ಣ ಮಕ್ಕಳು ಇದ್ರು. ಲೈಫ್ ಜಾಕೆಟ್ ಬಗ್ಗೆ ಎಲ್ಲರೂ ಮಾತಾಡೋಕೆ ಶುರು ಮಾಡಿದ್ದು ಆವಾಗ. ಅಲ್ಲೇ ಹಳೇ ಕಾಳಿ ಸೇತುವೆ, 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿ ಸಮೇತ ಡ್ರೈವರ್ ಹೊಳೆಗೆ ಬಿದ್ದ, ಅವನನ್ನ ಜೀವಂತ ಎತ್ತಿದ್ರು, ಶಿರೂರು ಆಗಿ ತಿಂಗಳೂ ಆಗಿರಲಿಲ್ಲ. ದಿನವಿಡೀ ಸಾವಿನ ಲೆಕ್ಕ ಕೇಳಿದ ಮಕ್ಕಳು "ಬದುಕಿದನಾ!" ಅಂತ ಒಟ್ಟಿಗೆ ಕೂಗಿದ್ರು, ನಂಗೂ ಗಂಟಲು ಕಟ್ಟಿತು. ದಕ್ಷಿಣಕ್ಕೆ ಅಂಜದೀವ್ ದ್ವೀಪ, 1961ರ ಡಿಸೆಂಬರ್ 18ಕ್ಕೆ ಪೋರ್ಚುಗೀಸರಿಂದ ಅದನ್ನ ಬಿಡಿಸುವಾಗ ನಮ್ಮ ನೌಕಾಪಡೆಯ 7 ಜನ ಪ್ರಾಣ ಕೊಟ್ಟಿದ್ದು, ಅದಕ್ಕೂ ಮುನ್ನೂರು ವರ್ಷ ಮುಂಚೆ, 1660ರ ದಶಕದಲ್ಲಿ, ಮುಂಬೈ ವಶಕ್ಕೆ ಸಿಗೋ ತನಕ ಅಂತ ಅದೇ ದ್ವೀಪದಲ್ಲಿ ಕಾಯ್ತಾ ಇದ್ದ ಇಂಗ್ಲಿಷ್ ಸೈನಿಕರು ನೂರಾರು ಜನ ಕಾಯಿಲೆ ಬಿದ್ದು ಸತ್ತಿದ್ದು, ಇಷ್ಟನ್ನ ನಾನು ಗಡಿಬಿಡಿಯಲ್ಲಿ ಹೇಳಿ ಮುಗಿಸಿದೆ, ಸಮಯ ಇರಲಿಲ್ಲ.

ಆಮೇಲೆ ಟಾಗೋರ್ ಬೀಚಲ್ಲಿ ಒಂದು ಗಂಟೆ ಬಿಟ್ಟುಬಿಟ್ರು. ಕೆಲವರು ಐಎನ್‌ಎಸ್ ಚಪಲ್ ಯುದ್ಧನೌಕೆ ಮ್ಯೂಸಿಯಂ ನೋಡಿದ್ರು, ಉಳಿದವರು ನೀರಲ್ಲಿ ಕಾಲಾಡಿಸ್ಕೊಂಡು ಕೂತ್ರು. ದುಃಖದ ಜಾಗ ನೋಡಿ ಬೀಚಲ್ಲಿ ಆಟ ಆಡೋದಾ ಅಂತ ನಮ್ಮ ಸಹೋದ್ಯೋಗಿಯೊಬ್ಬರು ಕೇಳಿದ್ರು. ನಂಗೆ ಅದು ಬೇಕಿತ್ತು ಅಂತಲೇ ಅನ್ಸತ್ತೆ. ಬೆಳಿಗ್ಗಿಂದ ಹೊತ್ಕೊಂಡಿದ್ದನ್ನ ಮಕ್ಕಳು ಅವರವರಲ್ಲೇ ಮಾತಾಡ್ಕೊಂಡಿದ್ದು ಅಲ್ಲೇ. ಪ್ಯಾಕೇಜಲ್ಲಿ ಇದನ್ನ ಕೊನೆಗೆ ಇಟ್ಟಿದ್ದು ಒಳ್ಳೇ ಯೋಚನೆ. ಹಾಡಿನ ವಿಷಯದಲ್ಲೂ ಹಾಗೇ. ಬೆಳಿಗ್ಗೆ ಕುಮಟಾ ತನಕ ಮಕ್ಕಳ ಹಾಡು ಫುಲ್ ಸೌಂಡಲ್ಲಿತ್ತು, ಶಿರೂರಿಗೆ ಮುಂಚೆ ಅವರಾಗೇ ಬಂದ್ ಮಾಡಿದ್ರು, ಸಂಜೆ ಯಲ್ಲಾಪುರ ಕಡೆಯಿಂದ ವಾಪಸ್ ಹೊರಟಾಗ "ಹಾಡು ಹಾಕ್ಲಾ" ಅಂತ ಮಕ್ಕಳನ್ನೇ ಕೇಳಿದ್ರು.

ಈಗ ಕಮ್ಮಿ ಆದ ಒಂದು ಪಾಯಿಂಟ್. ದೊಡ್ಡ ದೂರು ಟಾಯ್ಲೆಟ್. ಕುಮಟಾ ಬಿಟ್ಟ ಮೇಲೆ ಅಂಕೋಲಾ ತನಕ ಹೆಣ್ಣುಮಕ್ಕಳಿಗೆ ಒಂದು ಸರಿಯಾದ ಜಾಗ ಪ್ಲಾನಲ್ಲಿ ಇರಲಿಲ್ಲ, ಉಳವರೆಯ ಆ ಮನೆಯವರನ್ನೇ ಕೇಳಬೇಕಾಯ್ತು, ಅವರು ಬೇಸರ ಮಾಡ್ಕೊಳ್ಳಲಿಲ್ಲ, ಆದ್ರೂ ಅಂಥ ಮನೆಗೆ ನಾವು ಆ ತೊಂದರೆ ಕೊಡಬಾರದಿತ್ತು. ಟೂರ್ ಮಾಡೋರು ಇದನ್ನ ಮೊದಲೇ ಯೋಚನೆ ಮಾಡಬೇಕು, ಇದು ಸಣ್ಣ ವಿಷಯ ಅಲ್ಲ. ಎರಡನೇದು ಗಾಡಿಯ ಮೈಕ್ ಕರಕರ ಅಂತಿತ್ತು, ಹಿಂದಿನ ಸೀಟಿನವರಿಗೆ ಸೀಬರ್ಡ್ ಕಥೆ ಅರ್ಧ ಕೇಳಿಸಲಿಲ್ಲ. ಮೂರನೇದು ಆ ಕ್ಲೀನರ್ ಹುಡುಗ. ಒಳ್ಳೇ ಹುಡುಗ, ಕಷ್ಟಪಟ್ಟು ಕೆಲಸ ಮಾಡ್ತಾನೆ, ಆದ್ರೆ ಹಿಂದೆ ಕೂತು ಮಕ್ಕಳಿಗೆ ಶಿರೂರಲ್ಲಿ ರಾತ್ರಿ ಯಾರೋ ಲಿಫ್ಟ್ ಕೇಳ್ತಾರೆ ಅಂತ ದೆವ್ವದ ಕಥೆ ಶುರು ಮಾಡಿದ. ಸತ್ತವರ ಮನೆಯವರು ಅದೇ ಸುತ್ತಮುತ್ತ ಇದಾರೆ, ಅವರ ಕಿವಿಗೆ ಇದು ಬಿದ್ರೆ ಹೇಗಾಗಬೇಡ. ನಾನು ಹೇಳಿದ ಕೂಡ್ಲೇ ನಿಲ್ಲಿಸಿದ, ಡ್ರೈವರಣ್ಣನೂ ಬೈದ್ರು, ಆದ್ರೆ ಇದನ್ನ ಟ್ರಿಪ್‌ಗೆ ಮುಂಚೆನೇ ಅವನಿಗೆ ಹೇಳಿಕೊಟ್ಟಿರಬೇಕಿತ್ತು. ಇಸವಿ, ಊರು, ಏನಾಯ್ತು ಅಂತ ಒಂದು ಪುಟದ ಹಾಳೆ ಪ್ರಿಂಟ್ ಮಾಡಿಸಿ ಕೊಟ್ರೂ ಚೆನ್ನಾಗಿರತ್ತೆ, ಆ ಹಾಳೆ ನಾನೇ ಬರೆದುಕೊಡ್ತೀನಿ ಅಂದಿದೀನಿ, ಒಪ್ಪಿದಾರೆ.

ಇನ್ನೊಂದು ಸಲಹೆ, ಎಲ್ಲ ಒಂದೇ ದಿನಕ್ಕೆ ತುರುಕಬೇಡಿ. ನಂಗೆ ಕೇಳಿದ್ರೆ ಶಿರೂರು, ಉಳವರೆ, ತೋಡೂರು, ಝರಿವಾಡ ಇಷ್ಟೇ ಒಂದು ದಿನಕ್ಕೆ ಸಾಕು. ಅಂಕೋಲಾದ ಕರನಿರಾಕರಣೆ ಕಥೆಯನ್ನ ಸಿದ್ದಾಪುರದ ಮಾವಿನಗುಂಡಿ ಜೊತೆ ಸೇರಿಸಿ ಬೇರೆ ದಿನ ಮಾಡಿ. ಜಪ್ತಿ ಆದ ಆಸ್ತಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತ ಕಥೆ ಅಲ್ಲಿಯದು, ಸ್ಮಾರಕನೂ ಇದೆ, ಶಿರಸಿಯವರಿಗೆ ಹತ್ತಿರ.

ಬುಕ್ ಮಾಡೋರು ಪ್ರಿನ್ಸಿಪಾಲ್ ಲೆಟರ್, ಎಲ್ಲರ ಐಡಿ ಕಾರ್ಡ್, ಮನೆಯವರ ಒಪ್ಪಿಗೆ ಪತ್ರ ಇಟ್ಕೊಳ್ಳಿ, ನೌಕಾನೆಲೆ ಏರಿಯಾದಲ್ಲಿ ಎಲ್ಲಾದ್ರೂ ಗಾಡಿ ತಡೆದು ಕೇಳಿದ್ರೆ ಬೇಕಾಗತ್ತೆ. ನೀರಿನ ಬಾಟಲಿ, ಟೋಪಿ ತಗೊಳ್ಳಿ, ಡಿಸೆಂಬರಲ್ಲೂ ಕಾರವಾರದ ಬಿಸಿಲು ಘಟ್ಟದ ಮೇಲಿನ ಮಕ್ಕಳಿಗೆ ತಡೆಯಲ್ಲ. ಟಿಟಿ ಒಂದರಲ್ಲಿ ಹಿಡಿಯೋಷ್ಟೇ ಜನ ಹೋಗಿ, ದೊಡ್ಡ ಬಸ್ ಮಾಡಿದ್ರೆ ಉಳವರೆ ಅಂಗಳದಲ್ಲಿ ಕೂರೋಕೆ ಆಗಲ್ಲ. ನೀವು ಯಾವ ಗಾಡಿ ಮಾಡಿದ್ರೂ ಆ ಊರಿನವರಿಗೆ ಮೊದಲು ಫೋನ್ ಮಾಡಿ ಕೇಳಿಸಿ, ಅವರು ಬೇಡ ಅಂದ್ರೆ ಆ ಸ್ಟಾಪ್ ಬಿಟ್ಟು ಮುಂದೆ ಹೋಗಿ.